ಈ ವಾರ: ಹೆಚ್ಚು ಜನ ನೋಡದ ಒಳ್ಳೆ ಸಿನಿಮಾಗಳು

ಗೆಳೆಯರೇ, ಎಲ್ಲರೂ ಹೊಗಳುವ ಸಿನಿಮಾ ಈ ವಾರ ಬೇಡ. ಹೆಚ್ಚು ಜನರಿಗೆ ತಲುಪದ ಒಂದೇ ಒಂದು ಹೆಸರು ಹಾಕಿ. ವರ್ಷ, ಭಾಷೆ, ಯಾಕೆ ಇಷ್ಟ ಅಂತ ಎರಡು ಸಾಲು ಇರಲಿ. ಸುಮ್ನೆ ‘ಸೂಪರ್’ ಅಂದರೆ ಸಾಲದು!

ನನ್ನದು 1960ರ ಫ್ರೆಂಚ್ ಸಿನಿಮಾ ‘ಲ ತ್ರೂ’. ನಿರ್ದೇಶಕ ಜಾಕ್ ಬೆಕೆರ್. ಐವರು ಕೈದಿಗಳು ಜೈಲಿನಿಂದ ಪಾರಾಗಲು ನೆಲ ಕೊರೆಯುತ್ತಾರೆ. ಕಾಂಕ್ರೀಟ್ ಒಡೆಯುವ ಶಾಟ್ ನಿಮಿಷಗಟ್ಟಲೆ ಕಟ್ ಇಲ್ಲದೆ ಸಾಗುತ್ತದೆ. ಸಂಗೀತವಿಲ್ಲ, ಬರೀ ಕಬ್ಬಿಣದ ಸದ್ದು. ಹಲ್ಲುಜ್ಜುವ ಬ್ರಷ್ಷಿಗೆ ಕನ್ನಡಿ ಚೂರು ಕಟ್ಟಿ, ಕಾವಲುಗಾರ ಬಂದನಾ ಅಂತ ಬಾಗಿಲ ಕಿಂಡಿಯಿಂದ ನೋಡುತ್ತಾರೆ. ನಟರಲ್ಲಿ ಒಬ್ಬ ನಿಜವಾಗಿಯೂ ಅಂಥ ಪ್ರಯತ್ನ ಮಾಡಿದ್ದವನೇ! ಕೊನೆ ಹೇಳುವುದಿಲ್ಲ. ನೀವೂ ನಿಮ್ಮ ಸಿನಿಮಾದ್ದು ಹೇಳಬೇಡಿ. ಕದ್ದ ಕಾಪಿಯ ಲಿಂಕ್ ಹಾಕಿದರೆ ತೆಗೆದುಹಾಕುತ್ತೇನೆ.