ಎಲೆ ಅಂಟಿಸಿದ ಮಾತ್ರಕ್ಕೆ ಕೊಲಾಗ್ರಾಫ್ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಎಲೆ, ಹುಲ್ಲು, ತೊಗಟೆಗಳನ್ನು ರಟ್ಟಿನ ಫಲಕಕ್ಕೆ ಅಂಟಿಸಿ ಕೊಲಾಗ್ರಾಫ್ ಎಂಬ ಅಚ್ಚು ತೆಗೆಯುವ ಬಗ್ಗೆ ಬಂದ ಬರಹವನ್ನು ಓದಿದೆವು. ಮುದ್ರಣಕಲೆಗೆ ಪುರವಣಿಯಲ್ಲಿ ಅರ್ಧ ಪುಟ ಸಿಗುವುದೇ ಅಪರೂಪ, ಅದಕ್ಕೆ ವಂದನೆ. ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ರಟ್ಟಿಗೆ ಅಂಟಿಸಿ, ಮೇಲೆ ಅದೇ ಬಿಳಿ ಅಂಟನ್ನು ಬಳಿದು, ಪೋಸ್ಟರ್ ಬಣ್ಣ ಹಚ್ಚಿ ಒತ್ತಿದರಾಯಿತು ಎಂಬ ಅದರ ಸಲಹೆಯನ್ನು ನಂಬಿ ಕೂತವರಿಗೆ ಮೊದಲ ಅಚ್ಚಿನಲ್ಲೇ ಕಾಗದ ಹರಿಯುತ್ತದೆ. ಹರಿಯದಿದ್ದರೆ ಎಲೆ ಕಿತ್ತುಕೊಂಡು ಕಾಗದದ ಜೊತೆ ಎದ್ದು ಬರುತ್ತದೆ. ಈ ಕೆಲಸ ತಮಗೆ ಒಗ್ಗದೆಂದು ಅವರು ಕೈಬಿಡುತ್ತಾರೆ. ತಪ್ಪು ಅವರ ಕೈಯದಲ್ಲವಾದ್ದರಿಂದ ಈ ಪತ್ರ ಕೊಂಚ ಉದ್ದವಾಗಿದೆ.

ಮೊದಲು ಹೆಸರಿನ ವಿಷಯ. ಎಲೆಗೆ ಬಣ್ಣ ಸವರಿ ಕಾಗದದ ಮೇಲೆ ಒತ್ತಿ ತೆಗೆಯುವುದನ್ನು ಬರಹ ಕೊಲಾಗ್ರಾಫ್ ಎಂದೇ ಕರೆದಿದೆ. ಅದು ಎಲೆಯಚ್ಚು, ಬಹಳ ಹಳೆಯದು. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿ ಹಾಳೆಗಳಲ್ಲೂ ಸೇಜ್ ಎಲೆಯದೊಂದು ಅಂಥ ಅಚ್ಚು ಇದೆ. 1852ರಲ್ಲಿ ವಿಯೆನ್ನಾದ ಅಲೋಯಿಸ್ ಆವರ್ ಹಕ್ಕುಪತ್ರ ಪಡೆದ ವಿಧಾನ ಇನ್ನೊಂದು ಬಗೆಯದು: ಒಣಗಿಸಿದ ಗಿಡವನ್ನು ಮೆತ್ತನೆಯ ಸೀಸದ ತಗಡಿಗೆ ಒತ್ತಿ, ಮೂಡಿದ ಗುರುತಿನಿಂದ ಲೋಹದ ಪಡಿಯಚ್ಚು ಮಾಡಿಕೊಂಡು ಮುದ್ರಿಸುವುದು. ಕೊಲಾಗ್ರಾಫ್‌ನಲ್ಲಿ ಎಲೆ ಫಲಕಕ್ಕೆ ಅಂಟಿ, ಅರಗಿನ ಲೇಪದೊಳಗೆ ಸಿಕ್ಕಿ, ಫಲಕದ ಭಾಗವೇ ಆಗಿಬಿಡುತ್ತದೆ. ಫಲಕಕ್ಕೆಲ್ಲ ಶಾಯಿ ಹಚ್ಚಿ, ಎತ್ತರದ ಭಾಗಗಳನ್ನು ಒರೆಸಿ, ತಗ್ಗಿನಲ್ಲಿ ಉಳಿದ ಶಾಯಿಯನ್ನು ಉರುಳೆಗಳ ಪ್ರೆಸ್ಸಿನಲ್ಲಿ ಒದ್ದೆ ಕಾಗದಕ್ಕೆ ಒತ್ತಿ ತೆಗೆಯುವುದು ಇದರ ಕ್ರಮ. ಹೆಸರಿನಲ್ಲಿರುವ ‘ಕೊಲ್ಲಾ’ ಗ್ರೀಕ್ ಭಾಷೆಯಲ್ಲಿ ಅಂಟು. ಆ ಹೆಸರನ್ನು 1950ರ ದಶಕದಲ್ಲಿ ಬಳಕೆಗೆ ತಂದವರು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಗ್ಲೆನ್ ಆಲ್ಪ್ಸ್.

ಇನ್ನು ಮುಖ್ಯ ಮಾತು: ಎತ್ತರ. ನಾವು ಎಲೆಯ ಅಂದ ನೋಡಿ ಆರಿಸುತ್ತೇವೆ, ಕಾಗದಕ್ಕೆ ಗೊತ್ತಾಗುವುದು ಎತ್ತರ ತಗ್ಗು ಮಾತ್ರ. ಎರಡು ಮಿಲಿಮೀಟರ್ ದಪ್ಪದ, ಪುಸ್ತಕ ಕಟ್ಟುವವರು ಬಳಸುವ ಗಟ್ಟಿ ರಟ್ಟು ಫಲಕಕ್ಕೆ ಸಾಕು. ಅದರ ಮೇಲೆ ಅಂಟಿಸಿದ್ದು ಒಂದು ಮಿಲಿಮೀಟರ್ ದಾಟದಿದ್ದರೆ ಕೆಲಸ ಸಲೀಸು, ಒಂದೂವರೆಗೆ ಹೋದರೆ ಎಚ್ಚರ ಬೇಕು, ಅದಕ್ಕೂ ಮೀರಿದರೆ ತೊಂದರೆ ಖಚಿತ. ಪೆನ್ಸಿಲ್ ದಪ್ಪದ ಕಡ್ಡಿಯೊಂದನ್ನು ಅಂಟಿಸಿ ನೋಡಿ. ಕಾಗದ ಅದರ ಮೇಲೆ ಡೇರೆಯಂತೆ ನಿಂತು ಎರಡೂ ಪಕ್ಕದ ನೆಲವನ್ನು ಮುಟ್ಟುವುದೇ ಇಲ್ಲ, ಕಡ್ಡಿಯ ಸುತ್ತ ಬಿಳಿ ಪಟ್ಟಿ ಉಳಿಯುತ್ತದೆ. ಬುಡದಲ್ಲಿ ಸೇರಿಕೊಂಡ ಶಾಯಿ ಒರೆಸುವ ಬಟ್ಟೆಗೆ ಸಿಗದೆ, ಪ್ರೆಸ್ಸಿನ ಒತ್ತಡ ಬಿದ್ದಾಗ ಪಚಕ್ಕನೆ ಹೊರಚೆಲ್ಲುತ್ತದೆ. ಒತ್ತಡ ಇನ್ನಷ್ಟು ಏರಿಸಿದರೆ ಕಾಗದ ತೂತು. ಬರಹದ ಜೊತೆಗಿದ್ದ ಚಿತ್ರದಲ್ಲಿ ತೊಗಟೆಯ ಇಡೀ ಚಕ್ಕೆಯೇ ಫಲಕದ ಮೇಲಿತ್ತು; ಅದರಿಂದ ಅಚ್ಚು ಬಂದಿರಲಾರದು.

ಇದಕ್ಕೆ ಉಪಕರಣ ಬೇಕಿಲ್ಲ. ಕಣ್ಣು ಮುಚ್ಚಿ ಬೆರಳನ್ನು ಫಲಕದ ಮೇಲೆ ಹಗುರವಾಗಿ ಓಡಿಸಿ. ಬೆರಳು ತಡೆದು ನಿಂತಲ್ಲೇ ಕಾಗದವೂ ಹರಿಯುವುದು. ಎಲೆಯ ತೊಟ್ಟು ಮತ್ತು ನಡುನರ ಸಾಮಾನ್ಯವಾಗಿ ಆ ಜಾಗ. ತೊಟ್ಟನ್ನು ಕತ್ತರಿಸಿ ಎಸೆಯಿರಿ, ಅಂಟಿಸುವ ಮಗ್ಗುಲಿನಿಂದ ನಡುನರವನ್ನು ಬ್ಲೇಡಿನಲ್ಲಿ ಸೀಳಿ ತೆಳುವಾಗಿಸಿ. ಹಕ್ಕಿಯ ಗರಿಯಾದರೆ ನಡುವಿನ ಕೊಳವೆಯನ್ನು ಉದ್ದಕ್ಕೂ ಸೀಳಿ ಅರ್ಧವನ್ನು ತೆಗೆದುಬಿಡಿ. ತೊಗಟೆಯಲ್ಲಿ ಕಾಗದದಂತೆ ಸುಲಿಯುವ ಪದರ ಮಾತ್ರ ನಡೆಯುತ್ತದೆ. ಗಟ್ಟಿ ಬೀಜ, ಕಲ್ಲು, ಮುಳ್ಳು ಬೇಡವೇ ಬೇಡ, ಪ್ರೆಸ್ಸಿನಲ್ಲಿ ಕಾಗದದ ಮೇಲೆ ಹಾಸುವ ದಪ್ಪ ಉಣ್ಣೆಯ ಬಟ್ಟೆ, ಅಂದರೆ ಫೆಲ್ಟ್, ಹಾಳಾಗುತ್ತದೆ. ಜರೀಗಿಡದ ಗರಿ, ತೆಳು ಹುಲ್ಲು, ಮುಸುಕಿನ ಜೋಳದ ತೆನೆಯ ಒಣ ಸಿಪ್ಪೆ, ಬಾಳೆ ನಾರು, ಬಿಡಿಸಿದ ತೆಂಗಿನ ನಾರಿನ ಎಳೆಗಳು ಸೊಗಸಾಗಿ ಅಚ್ಚಾಗುತ್ತವೆ.

ಹಸಿ ಎಲೆಯನ್ನು ನೇರವಾಗಿ ಅಂಟಿಸಬಹುದೆಂದು ಬರಹ ಹೇಳಿದೆ. ಹಸಿ ಎಲೆ ಅಂಟಿನಡಿ ಕುಗ್ಗುತ್ತದೆ, ಅಂಚು ಮೇಲೆದ್ದು ಬೂಷ್ಟು ಹಿಡಿಯುತ್ತದೆ. ಪ್ರೆಸ್ಸಿಗೆ ಹೋದರೆ ರಸ ಬಿಟ್ಟು ಜಜ್ಜಿಹೋಗುತ್ತದೆ. ಹಳೆಯ ಪತ್ರಿಕೆಯ ಹಾಳೆಗಳ ನಡುವೆ, ಮೇಲೆ ಭಾರವಿಟ್ಟು, ಏಳರಿಂದ ಹತ್ತು ದಿನ ಒಣಗಿಸಬೇಕು. ಮೊದಲ ಮೂರು ದಿನ ಹಾಳೆಗಳನ್ನು ದಿನವೂ ಬದಲಿಸಿ. ನರಗಳು ಉಬ್ಬಿರುವುದು ಎಲೆಯ ಬೆನ್ನಿನಲ್ಲಿ; ಆದ್ದರಿಂದ ಹೊಳೆಯುವ ಮೇಲ್ಭಾಗಕ್ಕೆ ಅಂಟು, ಬೆನ್ನು ಆಕಾಶಕ್ಕೆ. ಇದನ್ನು ತಿರುವುಮುರುವು ಮಾಡಿದರೆ ಅಚ್ಚಿನಲ್ಲಿ ಬರೀ ಎಲೆಯಾಕಾರದ ಮಸಿ ಬರುತ್ತದೆ, ನರ ಕಾಣುವುದಿಲ್ಲ. ಮೇಣದ ಹೊದಿಕೆಯ ದಪ್ಪ ಎಲೆಗಳಿಗೆ ಅಂಟು ಹಿಡಿಯದು, ಅಂಟಿಸುವ ಮಗ್ಗುಲನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಒಮ್ಮೆ ಸವರಿಕೊಳ್ಳಿ. ಹಾಲು ಸುರಿಸುವ ಗಿಡಗಳನ್ನು ಬಿಟ್ಟುಬಿಡುವುದೇ ಮೇಲು.

ತಿರುಳು ಕಳೆದು ನರಗಳಷ್ಟೇ ಉಳಿದ ಜಾಲರಿ ಎಲೆ ಇದಕ್ಕೆ ಹೇಳಿ ಮಾಡಿಸಿದ್ದು. ಅರಳಿಯಂಥ ಗಟ್ಟಿನರದ ಎಲೆಗಳನ್ನು ಒಂದು ಲೀಟರ್ ನೀರಿಗೆ ಎರಡು ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಕುದಿಸಿ, ಮೆತ್ತನೆಯ ಬ್ರಶ್ಶಿನಿಂದ ತಿರುಳನ್ನು ನೀರಲ್ಲಿ ತೊಳೆದುಬಿಡಬೇಕು. ಪಾತ್ರೆ ಸ್ಟೀಲಿನದಿರಲಿ, ಅಲ್ಯೂಮಿನಿಯಮನ್ನು ಸೋಡಾ ತಿನ್ನುತ್ತದೆ. ಕೈಗವಸು ಹಾಕಿಕೊಳ್ಳಿ, ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಅಂಟಿಗೆ ಪಿವಿಎ ಎನ್ನುವ ಮಾಮೂಲಿ ಬಿಳಿ ಅಂಟು ಸರಿಯೇ. ಮೂರು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿ ರಟ್ಟಿಗೆ ತೆಳುವಾಗಿ ಬಳಿಯಿರಿ. ಎಲೆಗೆ ಬಳಿದರೆ ಅದು ಸುರುಳಿಯಾಗುತ್ತದೆ. ಮೇಲೆ ಉಕ್ಕಿ ಬಂದ ಅಂಟನ್ನು ಆಗಲೇ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯದಿದ್ದರೆ ನರಗಳ ನಡುವಿನ ತಗ್ಗೆಲ್ಲ ತುಂಬಿ ಎಲೆ ಸಪಾಟಾಗುತ್ತದೆ. ಬ್ರಶ್ಶಿನ ಒಂದೊಂದು ಗೀರೂ ಅಚ್ಚಿನಲ್ಲಿ ಮೂಡುತ್ತದೆ ಎನ್ನುವುದು ನೆನಪಿರಲಿ. ಬೇಕೆಂದೇ ಮಾಡಿದರೆ ಅದೇ ಚಿತ್ರ, ಬೇಡವಾದರೆ ಕೊಳೆ. ಮೇಣದ ಕಾಗದ ಹೊದಿಸಿ, ಭಾರವಿಟ್ಟು, ಒಂದು ಇಡೀ ದಿನ ಬಿಡಿ. ರಟ್ಟಿನ ನಾಲ್ಕೂ ಅಂಚನ್ನು ಓರೆಯಾಗಿ ಕೊಯ್ಯುವುದನ್ನು ಮರೆಯಬೇಡಿ, ನೆಟ್ಟಗಿನ ಅಂಚು ಚಾಕುವಿನಂತೆ ಕಾಗದ ಕೊಯ್ಯುತ್ತದೆ.

ಅಚ್ಚಿನಲ್ಲಿ ದಟ್ಟ ಕಪ್ಪು ಹರವು ಬೇಕೆಂದರೆ ಮರಳು. ಬೇಕಾದ ಜಾಗಕ್ಕಷ್ಟೇ ಅಂಟು ಬಳಿದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಮರಳನ್ನು ಉದುರಿಸಿ, ಒಣಗಿದ ಮೇಲೆ ಫಲಕವನ್ನು ಬೋರಲು ಹಾಕಿ ತಟ್ಟಿ. ಕಣಗಳ ನಡುವೆ ಶಾಯಿ ಕೂತು ಮಖಮಲ್ಲಿನಂಥ ಕಪ್ಪು ಬರುತ್ತದೆ. ಮೇಲಿನ ಲೇಪ ದಪ್ಪವಾದರೆ ಸಂದು ಮುಚ್ಚಿ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ, ಲೇಪ ಸಾಲದಿದ್ದರೆ ಬಿಡಿ ಕಣಗಳು ಫೆಲ್ಟ್ ಸೇರುತ್ತವೆ. ಈ ಹದ ಎರಡು ಮೂರು ಫಲಕ ಕೆಡಿಸಿದ ಮೇಲೆಯೇ ಸಿಗುವುದು.

ಬರಹದ ದೊಡ್ಡ ತಪ್ಪು ಲೇಪದ್ದು. ಬಿಳಿ ಅಂಟನ್ನೇ ಮೇಲ್ಲೇಪವಾಗಿ ಬಳಿದರೆ ಒಣಗಿದಾಗ ಗಾಜಿನಂತೆ ಕಾಣುತ್ತದೆ ನಿಜ, ಆದರೆ ಒದ್ದೆ ಕಾಗದವೂ ಪ್ರೆಸ್ಸಿನ ಒತ್ತಡವೂ ಕೂಡಿದಾಗ ಅದು ಮೆತ್ತಗಾಗಿ ಕಾಗದವನ್ನು ಹಿಡಿದುಕೊಳ್ಳುತ್ತದೆ. ಎಲೆ ಕಿತ್ತು ಬರುವುದು ಹೀಗೆ. ಇಲ್ಲಿಗೆ ಬೇಕಾದದ್ದು ಮರಗೆಲಸದವರು ಪಾಲಿಶ್‌ಗೆ ಬಳಸುವ ಶೆಲ್ಯಾಕ್, ಅಂದರೆ ಶುದ್ಧಮಾಡಿದ ಅರಗು. ನೂರು ಮಿಲಿಲೀಟರ್ ಸ್ಪಿರಿಟ್‌ಗೆ 20ರಿಂದ 25 ಗ್ರಾಂ ಚಕ್ಕೆ ಹಾಕಿ ಗಾಜಿನ ಸೀಸೆಯಲ್ಲಿ ರಾತ್ರಿಯಿಡೀ ಕರಗಲು ಬಿಟ್ಟು ಸೋಸಿಕೊಳ್ಳಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ. ಮುಂಬದಿಗೆ ಎರಡು ಮೂರು ತೆಳು ಲೇಪ, ಅಂಚಿಗೆ ಎರಡು, ಹಿಂಬದಿಗೆ ಒಂದು. ಹಿಂಬದಿ ಬಿಟ್ಟರೆ ರಟ್ಟು ತೇವ ಹೀರಿ ಬಾಗುತ್ತದೆ. ಎರಡು ಲೇಪಗಳ ನಡುವೆ ಮುಕ್ಕಾಲು ಗಂಟೆ, ಕೊನೆಯದರ ನಂತರ ಒಂದು ದಿನ ಬಿಡಬೇಕು. ಒಂದೇ ಜಾಗದಲ್ಲಿ ಬ್ರಶ್ಶನ್ನು ಹಿಂದಕ್ಕೂ ಮುಂದಕ್ಕೂ ಆಡಿಸಬೇಡಿ, ಹೊಸ ಸ್ಪಿರಿಟ್ ಕೆಳಗಿನ ಲೇಪವನ್ನೂ ಕರಗಿಸಿ ಎಬ್ಬಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಲೇಪ ಹಾಲಿನಂತೆ ಬೆಳ್ಳಗಾಗುವುದುಂಟು, ಬಿಸಿಲಿನ ದಿನಕ್ಕೆ ಕಾಯುವುದು ಒಳ್ಳೆಯದು. ಒಣಗಿದ ಫಲಕವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಎಲ್ಲೆಲ್ಲಿ ಹೊಳಪಿಲ್ಲವೋ ಅಲ್ಲಿ ಲೇಪ ಕೂತಿಲ್ಲ, ಅಲ್ಲಿ ಶಾಯಿ ಹೀರಿಕೊಂಡು ಮತ್ತೆ ಹೊರಬಾರದು.

ಪೋಸ್ಟರ್ ಬಣ್ಣವೂ ಬೇಡ. ತಗ್ಗಿನಲ್ಲಿ ಶಾಯಿ ಉಳಿಸಿ ಎತ್ತರವನ್ನು ಒರೆಸುವ ಕೆಲಸಕ್ಕೆ ಹತ್ತು ಹದಿನೈದು ನಿಮಿಷ ಬೇಕು, ಅಷ್ಟರಲ್ಲಿ ನೀರಿನ ಬಣ್ಣ ಒಣಗಿ ಕಲ್ಲಾಗಿರುತ್ತದೆ. ಎಚಿಂಗ್‌ಗೆಂದೇ, ಅಂದರೆ ಲೋಹದ ಫಲಕದ ತಗ್ಗುಗಳಿಂದ ಅಚ್ಚು ತೆಗೆಯುವುದಕ್ಕೆಂದೇ, ಮಾಡಿದ ಎಣ್ಣೆ ಶಾಯಿ ತನ್ನಿ. ಗಟ್ಟಿಯೆನಿಸಿದರೆ ಒಂದು ಚಮಚಕ್ಕೆ ಎರಡು ಮೂರು ಹನಿ ಅಗಸೆ ಎಣ್ಣೆ ಸಾಕು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸುತ್ತುಸುತ್ತಾಗಿ ತಗ್ಗಿಗೆ ಇಳಿಸಿ, ರಟ್ಟಿನ ತುಂಡಿನಿಂದ ಹೆಚ್ಚಿನದನ್ನು ಕೆರೆದು, ಗಂಜಿ ಹಾಕಿದ ಜಾಳು ಬಟ್ಟೆಯನ್ನು ಮುದುರಿ ಮೆತ್ತಗೆ ಮಾಡಿಕೊಂಡು ಒರೆಸಬೇಕು. ಕೊನೆಗೆ ಪತ್ರಿಕೆಯ ಹಾಳೆಯನ್ನು ಅಂಗೈಯಡಿ ಚಪ್ಪಟೆ ಹಿಡಿದು ಸವರಿದರೆ ನರಗಳ ನೆತ್ತಿ ಬೆಳ್ಳಗೆ ಮಿನುಗುತ್ತದೆ. ಎಲ್ಲವನ್ನೂ ಲಕಲಕ ಒರೆಸಿಬಿಡುವ ಉತ್ಸಾಹ ಹೊಸಬರಲ್ಲಿ ಹೆಚ್ಚು. ಅಚ್ಚು ಪೇಲವವಾದಾಗ ಬೈಗುಳ ಶಾಯಿಗೆ.

ಬೇಕಿದ್ದರೆ ಇದರ ಮೇಲೆ ಎರಡನೆಯ ತಿಳಿಬಣ್ಣವನ್ನು ರೋಲರಿನಿಂದ ಎತ್ತರಗಳಿಗೆ ಮಾತ್ರ ಕೊಡಬಹುದು. ಎಣ್ಣೆ ಹೆಚ್ಚಿದ ಶಾಯಿಯ ಮೇಲೆ ಗಟ್ಟಿ ಶಾಯಿ ಕೂರುವುದಿಲ್ಲ ಎಂಬ ಗುಣವನ್ನು ಹಿಡಿದು ಒಂದೇ ಫಲಕದಿಂದ ಹಲವು ಬಣ್ಣ ತೆಗೆಯುವ ವಿಧಾನವನ್ನು ಪ್ಯಾರಿಸ್ಸಿನ ಅತೆಲಿಯೆ 17 ಎಂಬ ಮುದ್ರಣಕಲೆಯ ಕಾರ್ಯಾಗಾರದಲ್ಲಿ ಬೆಳೆಸಿದವರಲ್ಲಿ ನಮ್ಮ ಕಲಾವಿದ ಕೃಷ್ಣ ರೆಡ್ಡಿ ಪ್ರಮುಖರು. ಆದರೆ ಅದೇ ಒಂದು ಪತ್ರದಷ್ಟು ವಿಷಯ.

ಕಾಗದ ಹತ್ತಿಯದಿರಲಿ, ತೂಕ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ). ಇಪ್ಪತ್ತರಿಂದ ಮೂವತ್ತು ನಿಮಿಷ ನೀರಲ್ಲಿ ನೆನೆಸಿ, ಟವಲಿನ ನಡುವೆ ಒತ್ತಿ, ಮೇಲ್ಮೈಯ ನೀರಿನ ಹೊಳಪು ಪೂರ್ತಿ ಹೋಗುವವರೆಗೆ ಆರಿಸಿ. ಒಣ ಕಾಗದ ತಗ್ಗಿಗೆ ಇಳಿಯದು. ನೀರು ನಿಂತ ಕಾಗದ ಎಣ್ಣೆ ಶಾಯಿಯನ್ನು ದೂರ ತಳ್ಳಿ ಮಚ್ಚೆಮಚ್ಚೆಯಾಗುತ್ತದೆ. ಪ್ರೆಸ್ಸಿನ ಒತ್ತಡ ತಾಮ್ರದ ಫಲಕಕ್ಕೆ ಕೊಡುವುದಕ್ಕಿಂತ ಕಡಿಮೆ ಸಾಕು. ಉಬ್ಬು ಹೆಚ್ಚಿದ್ದರೆ ಫೆಲ್ಟಿನ ಜೊತೆ ಮೂರು ಮಿಲಿಮೀಟರ್ ಸ್ಪಂಜಿನ ಹಾಳೆ ಇಡಿ. ಶಾಯಿ ಹಚ್ಚುವ ಮುನ್ನ ಹಳೆಯ ಒದ್ದೆ ಕಾಗದವೊಂದನ್ನು ಬರಿದೇ ಓಡಿಸಿದರೆ ಒತ್ತಡ ಎಷ್ಟು ಬೇಕೆಂದು ಆ ಉಬ್ಬಚ್ಚೇ ಹೇಳುತ್ತದೆ. ಹಿಡಿಯನ್ನು ಒಂದೇ ವೇಗದಲ್ಲಿ ತಿರುಗಿಸಿ, ನಡುವೆ ನಿಲ್ಲಿಸಿದರೆ ಅಲ್ಲೊಂದು ಗೆರೆ ಬೀಳುತ್ತದೆ.

ಪ್ರೆಸ್ ಇಲ್ಲದವರು ಲಟ್ಟಣಿಗೆಯಿಂದ ಒತ್ತಬಹುದೆಂದು ಬರಹದಲ್ಲಿದೆ. ಅಷ್ಟರಿಂದ ತಗ್ಗಿನ ಶಾಯಿ ಮೇಲೆ ಬರುವುದಿಲ್ಲ. ಪ್ರೆಸ್ ಇಲ್ಲದಿದ್ದರೆ ರೋಲರಿನಿಂದ ಎತ್ತರಗಳಿಗೆ ಮಾತ್ರ ಶಾಯಿ ಕೊಟ್ಟು, ತೆಳ್ಳನೆಯ ಗಟ್ಟಿ ಕಾಗದವನ್ನು ಒಣಗಿದ್ದಂತೆಯೇ ಹಾಸಿ, ಮರದ ಚಮಚದ ಬೆನ್ನಿನಿಂದ ಉಜ್ಜಿ. ಅದಕ್ಕೆ ಅದರದೇ ಚೆಲುವಿದೆ.

ಮೊದಲ ಎರಡು ಮೂರು ಅಚ್ಚು ಮಂಕಾಗಿಯೇ ಬರುತ್ತವೆ, ಫಲಕ ಶಾಯಿಗೆ ಒಗ್ಗಬೇಕು. ಒಣ ಎಲೆಯ ಫಲಕದಿಂದ ಹತ್ತಿಪ್ಪತ್ತು ಒಳ್ಳೆಯ ಅಚ್ಚು ಬಂದರೆ ತೃಪ್ತಿಪಡಬೇಕು, ಆಮೇಲೆ ನರಗಳು ಸವೆದು ಚಪ್ಪಟೆಯಾಗುತ್ತವೆ. ಇದನ್ನೆಲ್ಲ ಮಕ್ಕಳ ರಜಾದಿನದ ಆಟವೆಂದಷ್ಟೇ ಬರಹ ಕಂಡಿದೆ. ಕ್ಯೂಬಾದ ಕಲಾವಿದೆ ಬೆಲ್ಕಿಸ್ ಅಯೋನ್ (1967–1999) ರಟ್ಟು ಫಲಕಗಳಿಂದಲೇ ಗೋಡೆಯಗಲದ ಕಪ್ಪು ಬಿಳುಪು ಕೊಲಾಗ್ರಾಫ್‌ಗಳನ್ನು ತೆಗೆದರು ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಕೊನೆಯದಾಗಿ, ಫಲಕವನ್ನು ಸ್ಪಿರಿಟ್‌ನಿಂದ ತೊಳೆಯಿರಿ ಎಂಬ ಬರಹದ ಸಾಲನ್ನು ದಯವಿಟ್ಟು ಮುಂದಿನ ಪುರವಣಿಯಲ್ಲೇ ತಿದ್ದಿ. ನಮ್ಮ ಮಾತಿನಂತೆ ಅರಗಿನ ಲೇಪ ಹಾಕಿದವರು ಆ ಸಾಲನ್ನು ಪಾಲಿಸಿದರೆ ಲೇಪ ಪೂರ್ತಿ ಕರಗಿ ಎಲೆ ಬಟ್ಟೆಗೆ ಬರುತ್ತದೆ. ಉಳಿದ ಶಾಯಿಯನ್ನು ರದ್ದಿ ಹಾಳೆಗೆ ಒಂದೆರಡು ಸಲ ಒತ್ತಿ ತೆಗೆದು, ಅಡುಗೆ ಎಣ್ಣೆಯ ನಾಲ್ಕು ಹನಿ ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವಂಥದ್ದು. ಲೇಪ ಹಾಕುವ ಕೆಲಸವನ್ನು ಕಿಟಕಿ ತೆರೆದ ಕೋಣೆಯಲ್ಲಿ, ಬೆಂಕಿಯಿಂದ ದೂರ, ದೊಡ್ಡವರೇ ಮಾಡಬೇಕು ಎಂಬ ಸೂಚನೆಯನ್ನೂ ಆ ತಿದ್ದುಪಡಿಯ ಜೊತೆಗೇ ಅಚ್ಚುಹಾಕಿ.

ಇಂತಿ,
ಮುದ್ರಣಕಲೆಯಲ್ಲಿ ತೊಡಗಿರುವ ಕೆಲವು ಓದುಗರು