ಸೇವಂತಿಗೆ ತೋಟದ ಟೈಮರ್ ಕೈಕೊಟ್ಟ ಬಗ್ಗೆ ದೂರು

ದಿನಾಂಕ: 12 ಸೆಪ್ಟೆಂಬರ್ 2025
ಚಿತ್ರದುರ್ಗ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಕಳೆದ ಜೂನ್‌ನಲ್ಲಿ ಚಿತ್ರದುರ್ಗದ ಅಂಗಡಿಯಲ್ಲಿ, ತೋಟದ ದೀಪಗಳನ್ನು ಹೊತ್ತಿಗೆ ಸರಿಯಾಗಿ ತಾನೇ ಹಚ್ಚಿ ಆರಿಸುವ ನಿಮ್ಮ ಕಂಪನಿಯ ಟೈಮರ್ ಕೊಂಡೆ. ಕರೆಂಟ್ ಹೋದರೂ ಒಳಗಿನ ಬ್ಯಾಟರಿಯಿಂದ ಗಡಿಯಾರ ನಡೆಯುತ್ತದೆ ಎಂದು ಡಬ್ಬಿಯ ಮೇಲೆ ನೀವೇ ಅಚ್ಚು ಹಾಕಿಸಿದ್ದೀರಿ. ಆ ಒಂದು ಮಾತಿಗಾಗಿಯೇ ಹೆಚ್ಚು ದುಡ್ಡು ಕೊಟ್ಟೆ.

ಹತ್ತು ಗುಂಟೆಯಲ್ಲಿ ಜೂನ್ 18ಕ್ಕೆ ಸೇವಂತಿಗೆ ನಾಟಿ ಮಾಡಿದೆ. ಉದ್ದನೆಯ ಕತ್ತಲು ಸಿಕ್ಕರೆ ಈ ಗಿಡ ಬೆಳೆಯುವುದು ಬಿಟ್ಟು ಮೊಗ್ಗಿಗೆ ಇಳಿಯುತ್ತದೆ. ನಮ್ಮ ಕಡೆ ಜೂನ್‌ನ ಹಗಲೇ ಸುಮಾರು 13 ಗಂಟೆ, ಅಷ್ಟು ಸಾಲದು. ಅದಕ್ಕೇ ರಾತ್ರಿ 10ರಿಂದ 2ರವರೆಗೆ ಬಲ್ಬು ಉರಿಸಿ ಕತ್ತಲನ್ನು ನಡುವೆ ಮುರಿಯುತ್ತೇವೆ. ಜುಲೈ 28ಕ್ಕೆ ದೀಪ ನಿಲ್ಲಿಸಿದರೆ ಎಂಟೊಂಬತ್ತು ವಾರಕ್ಕೆ, ಆಯುಧಪೂಜೆಯ ಹೊತ್ತಿಗೆ ಹೂವು ಎಂಬುದು ನನ್ನ ಲೆಕ್ಕ.

ಜುಲೈ ಮೊದಲ ವಾರ ಗಾಳಿಮಳೆಗೆ ಕರೆಂಟ್ ಹೋಗಿ ಬರುತ್ತಿತ್ತು. ಹೋದಾಗಲೆಲ್ಲ ನಿಮ್ಮ ಗಡಿಯಾರವೂ ನಿಂತು, ಬಂದಾಗ ನಿಂತಲ್ಲಿಂದಲೇ ಹೊರಟಿದೆ. 20ರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಹೆಂಡತಿ ತೋಟದಿಂದ ಫೋನ್ ಮಾಡಿ, “ಏನ್ರೀ, ಹಗಲು ಹೊತ್ತಿನಾಗೆ ದೀಪ ಉರಿಯಾಕೆ ಹತ್ಯಾವಲ್ಲ!” ಎಂದಳು. ಹೋಗಿ ನೋಡಿದರೆ ಟೈಮರ್‌ನಲ್ಲಿ ರಾತ್ರಿ ಹನ್ನೊಂದು. ಮನೆ ಇರುವುದು ಊರೊಳಗೆ, ತೋಟ ದೂರ. ಮಧ್ಯರಾತ್ರಿ ಎದ್ದು ಹೋಗಿ ನೋಡಿಬರುವುದಾದರೆ ಟೈಮರ್ ಯಾಕೆ ಬೇಕಿತ್ತು?

ಎಲೆಕ್ಟ್ರಿಷಿಯನ್ ಎದುರು ಮೇನ್ ಆಫ್ ಮಾಡಿಸಿದೆ. ಗಡಿಯಾರ ಆ ಕ್ಷಣವೇ ನಿಂತಿತು. ವಿಡಿಯೊ ಇದೆ.

ದೀಪ ಹಗಲಲ್ಲಿ ಉರಿದು ರಾತ್ರಿಯ ಕತ್ತಲು ಮುರಿಯದೆ ಹೋಗಿ, ಗಿಡ ಗೇಣುದ್ದ ಇರುವಾಗಲೇ ಮೊಗ್ಗು ಕಟ್ಟಿತು. ಈಗ ಹೂವು ಅರಳಿ ನಿಂತಿದೆ, ಅದೂ ಪಿತೃಪಕ್ಷದಲ್ಲಿ! ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ದಸರೆಗೆ ಕೀಳಲು ತೋಟದಲ್ಲಿ ಏನೂ ಉಳಿದಿರುವುದಿಲ್ಲ.

ನಿಮ್ಮ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಮೊದಲನೆಯವರು, ದೀಪ ಉರಿಯುತ್ತಿವೆಯಲ್ಲ, ಟೈಮರ್ ಸರಿಯಾಗಿಯೇ ಇದೆ ಎಂದರು. ಎರಡನೆಯವರು ಗೊಬ್ಬರ ಕಡಿಮೆಯಾಗಿರಬೇಕು ಎಂದು ನನಗೇ ಬೇಸಾಯ ಹೇಳಿಕೊಟ್ಟರು. ಮೂರನೆಯ ಹುಡುಗ, “ರಾತ್ರಿ ಲೈಟ್ ಹಾಕಿ ಗಾಂಜಾ ಬೆಳೀತೀರಾ ಸಾರ್?” ಎಂದು ನಕ್ಕ. ರಾತ್ರಿ ಉದ್ದವಾದರೆ ಹೂ ಬಿಡುವ ಗುಣ ಗಾಂಜಾ ಗಿಡಕ್ಕೂ ಇದೆ, ನಿಜ. ಆದರೆ 1985ರ ಮಾದಕವಸ್ತು ಕಾಯ್ದೆಯಡಿ ಅದನ್ನು ಬೆಳೆದರೆ ಜೈಲು. ನಾನು ಬೆಳೆದಿರುವುದು ದೇವರಿಗೆ ಏರಿಸುವ ಹೂವು. ಆ ಹುಡುಗನ ಮೇಲೆ ಕ್ರಮ ಬೇಡ, ಟೈಮರ್ ಎಂದರೇನೆಂದು ಕಲಿಸಿ ಸಾಕು.

ಟೈಮರ್‌ನ ಹಣ ವಾಪಸ್ ಬರಬೇಕು. ಬೆಳೆ ನಷ್ಟವನ್ನು ನಿಮ್ಮವರು ತೋಟಕ್ಕೆ ಬಂದು ನೋಡಿ ಕಟ್ಟಿಕೊಡಬೇಕು. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ರಸೀದಿ, ಡಬ್ಬಿಯ ಫೋಟೊ ಜೊತೆಗಿಟ್ಟಿದ್ದೇನೆ. ಟೈಮರ್ ನನ್ನ ಬಳಿಯೇ ಇರುತ್ತದೆ. ಬರುವವರು ಈ ತಿಂಗಳೊಳಗೆ ಬರಲಿ, ಆಮೇಲೆ ಗಿಡ ಕಿತ್ತು ಹೊಲ ಹದ ಮಾಡುವವನಿದ್ದೇನೆ.

ಇಂತಿ,
ಸೇವಂತಿಗೆ ಬೆಳೆಗಾರ, ಚಿತ್ರದುರ್ಗ ತಾಲ್ಲೂಕು