ಕುಂಗ್‌ಫು ಚಿತ್ರದ ಬ್ಲೂ-ರೇ: ಚಿತ್ರ ಮತ್ತು ಧ್ವನಿಯ ದೋಷಗಳ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಹೋಮ್ ವಿಡಿಯೊ ವಿಭಾಗ

ವಿಷಯ: 1970ರ ದಶಕದ ಹಾಂಗ್‌ಕಾಂಗ್ ಕುಂಗ್‌ಫು ಚಿತ್ರದ ಬ್ಲೂ-ರೇ ಡಿಸ್ಕ್ ಸರಿಪಡಿಸಿ ಬದಲಿಸಿಕೊಡುವ ಬಗ್ಗೆ

ಮಾನ್ಯರೇ,

ನೀವು ಹೊರತಂದಿರುವ ಈ ಡಿಸ್ಕ್‌ನ ಕವರ್ ಮೇಲೆ ‘ಮೂಲ ನೆಗೆಟಿವ್‌ನಿಂದ ಹೊಸ ಸ್ಕ್ಯಾನ್’, ‘ಮೂಲ ಮೊನೊ ಧ್ವನಿ’ (ಅಂದರೆ ಒಂದೇ ಚಾನೆಲ್‌ನ ಮೂಲ ಧ್ವನಿ) ಎಂದು ಎರಡು ಮಾತು ಕೊಟ್ಟಿದ್ದೀರಿ. ಮೊದಲನೆಯದನ್ನು ಕಂಪ್ಯೂಟರ್ ಫಿಲ್ಟರ್ ಹಾಳುಮಾಡಿದೆ. ಎರಡನೆಯದು ನಿಜವೇ ಅಲ್ಲ.

‘ನಿಮ್ಮ ಟಿವಿ ಸೆಟ್ಟಿಂಗ್ ನೋಡಿಕೊಳ್ಳಿ’ ಎಂಬ ಉತ್ತರ ಬೇಡ. ಮೋಷನ್ ಸ್ಮೂದಿಂಗ್, ನಾಯ್ಸ್ ರಿಡಕ್ಷನ್, ಡೈನಾಮಿಕ್ ಕಾಂಟ್ರಾಸ್ಟ್ ಎಲ್ಲವನ್ನೂ ಆಫ್ ಮಾಡಿ, ಪ್ಲೇಯರನ್ನು 24 ಫ್ರೇಮ್ ಔಟ್‌ಪುಟ್‌ನಲ್ಲಿಟ್ಟು ನೋಡಲಾಗಿದೆ. ಬೇರೆ ಪ್ಲೇಯರ್, ಬೇರೆ ಪರದೆಯಲ್ಲೂ ಅವೇ ದೋಷಗಳು ಅವೇ ಜಾಗದಲ್ಲಿ ಬರುತ್ತವೆ.

ಇದೇ ಡಿಸ್ಕ್‌ನಲ್ಲಿರುವ ಟ್ರೇಲರ್‌ಗೆ ನಿಮ್ಮವರು ಕೈ ಹಚ್ಚಿಲ್ಲ. ಅದರಲ್ಲಿ ಗೀರು, ಧೂಳು ತುಂಬಿದ್ದರೂ ನಾಯಕನ ಹಣೆಯ ಬೆವರು, ಅಂಗಿಯ ನೇಯ್ಗೆ ಕಾಣುತ್ತವೆ. ಅದೇ ಶಾಟ್ ಮುಖ್ಯ ಚಿತ್ರದಲ್ಲಿ ಬಂದಾಗ ಮುಖ ಮೇಣದ ಗೊಂಬೆಯಂತಾಗಿದೆ. ಫಿಲ್ಮಿನ ಗ್ರೇನ್ (ಅದರಲ್ಲಿ ಸಹಜವಾಗಿರುವ ಸಣ್ಣ ಕಣಗಳು) ಅಳಿಸಲು ನಾಯ್ಸ್ ರಿಡಕ್ಷನ್ ಅತಿಯಾಗಿ ಹಾಕಿರುವುದೇ ಕಾರಣ. ಈ ಫಿಲ್ಟರ್ ಅಕ್ಕಪಕ್ಕದ ಫ್ರೇಮ್‌ಗಳನ್ನು ಹೋಲಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಕಸವೆಂದು ತೆಗೆಯುತ್ತದೆ. ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಇದರಿಂದ ಅಷ್ಟೇನೂ ಅನಾಹುತವಾಗದು. ಆದರೆ ಹೊಡೆದಾಟದಲ್ಲಿ ಮುಷ್ಟಿ ಒಂದೆರಡು ಫ್ರೇಮ್‌ಗಳಲ್ಲೇ ಪರದೆಯ ಅರ್ಧ ದಾಟುತ್ತದೆ, ಫಿಲ್ಟರ್ ಅದನ್ನೂ ಕಸವೆಂದೇ ಎಣಿಸುತ್ತದೆ. ಅಂಗಳದ ದೊಣ್ಣೆವರಸೆಯನ್ನು ಫ್ರೇಮ್ ಫ್ರೇಮಾಗಿ ನಿಲ್ಲಿಸಿ ನೋಡಿ: ಒಂದು ಫ್ರೇಮ್‌ನಲ್ಲಿ ದೊಣ್ಣೆಯ ತುದಿಯೇ ಇಲ್ಲ, ಮುಂದಿನದರಲ್ಲಿ ಅದರ ಮಸುಕು ನೆರಳು ಮಾತ್ರ ಉಳಿದಿದೆ. ಹೊಡೆದಾಟಕ್ಕಾಗಿಯೇ ನೋಡುವ ಚಿತ್ರದಲ್ಲಿ ಹೊಡೆತವೇ ಅಳಿಸಿಹೋದರೆ ಉಳಿಯುವುದೇನು? ಹೋದ ವಿವರವನ್ನು ಮರಳಿಸಲೆಂದು ಮೇಲೆ ಶಾರ್ಪನಿಂಗ್ (ಅಂಚುಗಳನ್ನು ಚೂಪಾಗಿಸುವ ಫಿಲ್ಟರ್) ಬೇರೆ ಹಾಕಿದ್ದಾರೆ. ಆಕಾಶದ ಎದುರು ನಿಂತ ಕಪ್ಪು ನಿಲುವಂಗಿಯ ಸುತ್ತ ಬಿಳಿ ಗೆರೆ ಎದ್ದು ಕಾಣುತ್ತದೆ.

ಅಗಲ-ಎತ್ತರ 2.35:1 ಇರುವ ಚೌಕಟ್ಟನ್ನು ಕತ್ತರಿಸದೆ ಪೂರ್ತಿ ಕೊಟ್ಟಿದ್ದೀರಿ, ಅದು ಮೆಚ್ಚಬೇಕಾದ್ದೇ. ಆದರೆ ಚಿತ್ರವನ್ನೂ ಎಲ್ಲ ಹೆಚ್ಚುವರಿ ವಿಡಿಯೊಗಳನ್ನೂ 25 ಜಿಬಿ ಡಿಸ್ಕ್‌ನಲ್ಲಿ ತುರುಕಿರುವುದರಿಂದ ಹೊಗೆ, ಮಂಜಿನ ದೃಶ್ಯಗಳು ಚೌಕಚೌಕವಾಗಿ ಒಡೆಯುತ್ತವೆ.

ಇನ್ನು ಧ್ವನಿ. ನಿಜವಾದ ಮೊನೊ ಆಗಿದ್ದರೆ ಎರಡೂ ಕಡೆ ಒಂದೇ ಧ್ವನಿ ಇರುವುದರಿಂದ, ಎಡ ಚಾನೆಲ್‌ನಿಂದ ಬಲ ಚಾನೆಲ್ ಕಳೆದಾಗ ನಿಶ್ಶಬ್ದವೇ ಉಳಿಯಬೇಕು. ಇಲ್ಲಿ ಪ್ರತಿಧ್ವನಿಯೂ ಬಟ್ಟೆ ಬೀಸುವ ಸದ್ದೂ ಉಳಿಯುತ್ತವೆ. ಅಂದರೆ ಇದು 5.1 ಮಿಕ್ಸನ್ನೇ (ಆರು ಚಾನೆಲ್‌ನ ಸರೌಂಡ್ ಧ್ವನಿ) ಎರಡು ಚಾನೆಲ್‌ಗೆ ಇಳಿಸಿದ ಟ್ರ್ಯಾಕ್. ಆ ಕಾಲದ ಹೊಡೆತದ ಗಟ್ಟಿ, ಒಣ ಸದ್ದನ್ನು ತೆಗೆದು ಹೊಸದಾಗಿ ಗುಡುಗಿನಂಥ ಸದ್ದು ಸೇರಿಸಲಾಗಿದೆ. ಇಂಗ್ಲಿಷ್ ಡಬ್ಬಿಂಗ್ ಟ್ರ್ಯಾಕ್ 25 ಫ್ರೇಮ್‌ನ ಹಳೆಯ ಪಾಲ್ (ಒಂದು ಟಿವಿ ಪದ್ಧತಿ) ಪ್ರತಿಯಿಂದ ಬಂದಂತಿದೆ; 24 ಫ್ರೇಮ್‌ನ ಚಿತ್ರ ಅದರಲ್ಲಿ ಶೇ. 4ರಷ್ಟು ವೇಗವಾಗಿ ಓಡುತ್ತದೆ, ಶ್ರುತಿಯೂ ಏರುತ್ತದೆ. ಆ ಟ್ರ್ಯಾಕನ್ನು ಸುಮ್ಮನೆ ಶೇ. 4ರಷ್ಟು ನಿಧಾನಿಸಿದ್ದರೆ ಅವಧಿಯೂ ಶ್ರುತಿಯೂ ಒಟ್ಟಿಗೇ ಸರಿಹೋಗುತ್ತಿದ್ದವು. ಶ್ರುತಿ ಹಾಗೇ ಉಳಿಸಿ ಅವಧಿ ಮಾತ್ರ ಎಳೆದಿರುವುದರಿಂದ ದನಿಗಳು ಅರ್ಧಸ್ವರದ (ಸೆಮಿಟೋನ್) ಸುಮಾರು ಮುಕ್ಕಾಲು ಪಾಲಿನಷ್ಟು ಏರಿ ತೆಳುವಾಗಿವೆ, ಪ್ರತಿ ಏಟೂ ಎರಡು ಸಲ ಬಿದ್ದಂತೆ ಕೇಳುತ್ತದೆ.

ಸಿಂಕ್, ಅಂದರೆ ಚಿತ್ರಕ್ಕೂ ಸದ್ದಿಗೂ ಇರಬೇಕಾದ ಹೊಂದಾಣಿಕೆ ಕೂಡ ತಪ್ಪಿದೆ. ಎಲ್ಲ ಮಾತನ್ನೂ ಚಿತ್ರೀಕರಣದ ನಂತರ ಡಬ್ ಮಾಡಿದ್ದರಿಂದ ತುಟಿ ನೋಡಿ ಇದನ್ನು ಅಳೆಯಲಾಗದು; ಕತ್ತಿಗೆ ಕತ್ತಿ ತಗಲುವ ಫ್ರೇಮ್ ನೋಡಬೇಕು. ಆರಂಭದಲ್ಲಿ ಸದ್ದು ಸರಿಯಾಗಿದೆ. ಆಮೇಲೆ ಸುಮಾರು 20 ನಿಮಿಷಕ್ಕೊಮ್ಮೆ ಒಂದೆರಡು ಫ್ರೇಮ್ ಹಿಂದೆ ಬೀಳುತ್ತ ಹೋಗಿ, ಕೊನೆಯ ಕಾಳಗದಲ್ಲಿ ಏಟು ತಗುಲಿದ ಮೇಲೆ ಸದ್ದು ಬರುತ್ತದೆ. ವೇಗದ ವ್ಯತ್ಯಾಸವಾಗಿದ್ದರೆ ಅಂತರ ಒಂದೇ ಸಮನೆ ಬೆಳೆಯುತ್ತಿತ್ತು. ಹೀಗೆ ಮೆಟ್ಟಿಲುಮೆಟ್ಟಿಲಾಗಿ ಬೆಳೆದಿರುವುದರಿಂದ, ರೀಲ್ (ಸುಮಾರು 20 ನಿಮಿಷದ ಫಿಲ್ಮ್ ಸುರುಳಿ) ಕೂಡುವ ಜಾಗಗಳಲ್ಲಿ ಕಳೆದುಹೋಗಿರುವ ಫ್ರೇಮ್‌ಗಳನ್ನು ಯಾರೂ ಲೆಕ್ಕ ಹಾಕಿಲ್ಲ ಎಂದೇ ತಿಳಿಯಬೇಕು. ಒಂದೇ ಡಿಲೇ (ಸದ್ದಿನ ಸಮಯ ಸರಿಸುವ ಸೆಟ್ಟಿಂಗ್) ಇಡೀ ಚಿತ್ರಕ್ಕೆ ಹೊಂದದ ಕಾರಣ ಪ್ಲೇಯರ್‌ನಲ್ಲಿ ಇದನ್ನು ಸರಿಪಡಿಸಿಕೊಳ್ಳಲೂ ಬರುವುದಿಲ್ಲ.

ಆದ್ದರಿಂದ ಫಿಲ್ಟರ್ ಹಾಕುವ ಮೊದಲಿನ ಸ್ಕ್ಯಾನ್ ಫೈಲ್‌ಗೆ ಮರಳಿ, ಗ್ರೇನ್ ಉಳಿಸಿ, 50 ಜಿಬಿ ಡಿಸ್ಕ್‌ಗೆ ಮರು ಎನ್‌ಕೋಡ್ ಮಾಡಬೇಕು. ಮೂಲ ಮೊನೊವನ್ನು ಲಾಸ್‌ಲೆಸ್ (ಧ್ವನಿಯ ವಿವರ ಕಳೆಯದ) ಟ್ರ್ಯಾಕ್ ಆಗಿ ಕೊಟ್ಟು, ಪ್ರತಿ ರೀಲ್‌ಗೂ ಬೇರೆಬೇರೆಯಾಗಿ ಸಿಂಕ್ ಹೊಂದಿಸಬೇಕು. 5.1 ಬೇಕಾದವರಿಗೆ ಅದೂ ಇರಲಿ, ಅಭ್ಯಂತರವಿಲ್ಲ. ಈ ಡಿಸ್ಕ್ ಕೊಂಡವರೆಲ್ಲರಿಗೂ ಬದಲಿ ಡಿಸ್ಕನ್ನು ಉಚಿತವಾಗಿ ಕಳಿಸಬೇಕು. ಅದು ಸಿದ್ಧವಾಗುವವರೆಗೆ ಕವರ್ ಮೇಲಿನ ‘ಮೂಲ ಮೊನೊ’ ಎಂಬ ಮಾತನ್ನು ತೆಗೆಯಿರಿ. ಲಿಖಿತ ಉತ್ತರ ನಿರೀಕ್ಷಿಸುತ್ತೇನೆ.

ಇತಿ,
ಡಿಸ್ಕ್ ಖರೀದಿಸಿದ ಗ್ರಾಹಕ